ರಕ್ತದ ಲೆಕ್ಕ, ಔಷಧದ ಸರದಿ: ನಮ್ಮ ಜಿಲ್ಲೆಗೆ ಬಿದ್ದ 'ಎ' ಅಕ್ಷರದ ಕಥೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ಕಡೆಯ ಹೊಳೆದಂಡೆ ಊರುಗಳಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ನಿಮಗೆಲ್ಲ ನೆನಪಿರಬೇಕು. ಎ ಬಿದ್ದರೆ 5 ಲಕ್ಷ ರೂಪಾಯಿ, ಸಿ ಬಿದ್ದರೆ 50 ಸಾವಿರ. ಒಂದು ಅಕ್ಷರಕ್ಕಾಗಿ ಜನ ಪಂಚಾಯ್ತಿ, ತಹಶೀಲ್ದಾರ ಕಚೇರಿ ಎಂದು ಅಲೆದರು. ಅಕ್ಷರ ಬರೆದವರು ಯಾರು, ಏನು ನೋಡಿ ಬರೆದರು ಎಂದು ಜಗಳ ತೆಗೆದರು. ತೆಗೆಯಲೇಬೇಕಿತ್ತು.

ಅದಕ್ಕೆ ಹನ್ನೆರಡು ವರ್ಷ ಮೊದಲು, 2007ರ ಹೊತ್ತಿಗೆ, ನಮ್ಮ ಇಡೀ ಬಾಗಲಕೋಟೆ ಜಿಲ್ಲೆಗೇ ಒಂದು 'ಎ' ಬಿದ್ದಿತ್ತು. ಅದಕ್ಕಾಗಿ ಯಾರೂ ಜಗಳ ಮಾಡಲಿಲ್ಲ. ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಅದು ಎಚ್‌ಐವಿ ಲೆಕ್ಕದ 'ಎ'. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ದೇಶದ ಜಿಲ್ಲೆಗಳನ್ನೆಲ್ಲ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿತು. 156 ಜಿಲ್ಲೆಗಳು ಎ ಆದವು. ಕರ್ನಾಟಕದ ಬಹುತೇಕ ಜಿಲ್ಲೆಗಳು, ನಮ್ಮದೂ ಸೇರಿ, ಅದರಲ್ಲಿದ್ದವು. ಯಾವ ಜಿಲ್ಲೆಗೆ ಮೊದಲು ದುಡ್ಡು, ಎಲ್ಲಿ ಪರೀಕ್ಷಾ ಕೇಂದ್ರ, ಎಲ್ಲಿ ಔಷಧ ಕೇಂದ್ರ ಎಂಬುದಕ್ಕೆಲ್ಲ ಆ ಅಕ್ಷರವೇ ಅಳತೆಗೋಲು.

ಈ ಅಕ್ಷರ ಎಲ್ಲಿಂದ ಬಂತು, ಅದರಿಂದ ನಮಗೆ ಏನು ಸಿಕ್ಕಿತು, ಏನು ಹೋಯಿತು ಎಂಬುದನ್ನು ಒಮ್ಮೆ ಕೂತು ನೋಡಬೇಕು. ಯಾಕೆಂದರೆ ಇವತ್ತು ಆಸ್ಪತ್ರೆಗೆ ಹೋದರೆ ಚೀಟಿ ಮಾಡಿಸುವ ಮೊದಲು ಮೊಬೈಲ್ ನಂಬರ್, ಆಧಾರ್, ಆಭಾ ಕೇಳುತ್ತಾರೆ. ನಮ್ಮ ಮೈಯ ಲೆಕ್ಕ ಕೊಟ್ಟು ಔಷಧ ಪಡೆಯುವ ವ್ಯವಹಾರ ಈ ಜಿಲ್ಲೆಗೆ ಹೊಸದಲ್ಲ.

ಹಳೆಯ ಲೆಕ್ಕಗಳು

1876ರಿಂದ 1878ರವರೆಗೆ ನಮ್ಮ ಕಡೆ ದೊಡ್ಡ ಬರ ಬಿದ್ದಿತ್ತು. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ. ಈಗ ದಾಳಿಂಬೆಗೆ ಹೆಸರಾದ ಕಲಾದಗಿಯೇ ಆಗ ಜಿಲ್ಲಾ ಕೇಂದ್ರ. ಬರ ಪರಿಹಾರದ ಕಾಮಗಾರಿಯಲ್ಲಿ ಕೂಲಿ ಎಷ್ಟಿರಬೇಕು ಎಂದು ತೀರ್ಮಾನ ಮಾಡಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಸರ್ಕಾರ ಕಳಿಸಿತ್ತು. ಗಂಡಾಳಿಗೆ ದಿನಕ್ಕೆ 1 ಪೌಂಡ್ ಕಾಳು, ಮೇಲೆ 1 ಆಣೆ ಸಾಕು ಎಂದ. ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವವನಿಗೆ ಇಷ್ಟು. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದು ಜೀವ ಉಳಿಸುವ ಪ್ರಮಾಣ ಅಲ್ಲ ಎಂದು ವಿರೋಧಿಸಿದ. ಯಾರಿಗೆ ನಿಜವಾಗಿ ಹಸಿವಾಗಿದೆ ಎಂದು ಪರೀಕ್ಷಿಸಲು, ಕೆಲಸದ ಜಾಗ ಊರಿನಿಂದ ಮೈಲಿಗಟ್ಟಲೆ ದೂರ ಇರಬೇಕು ಎಂಬ ನಿಯಮವೂ ಇತ್ತು. ನಡೆಯಲಾಗದವರು ಪರೀಕ್ಷೆಯಲ್ಲೇ ಬಿದ್ದರು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ ಇದ್ದ ಜಿಲ್ಲೆಯ ಜನ 1881ರಲ್ಲಿ ಸುಮಾರು 6.4 ಲಕ್ಷಕ್ಕೆ ಇಳಿದರು.

ಅದಾಗಿ ಇಪ್ಪತ್ತು ವರ್ಷಕ್ಕೆ ಪ್ಲೇಗ್. 1896ರಲ್ಲಿ ಮುಂಬಯಿಗೆ ಬಂತು, 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಬೇರೆ ಒಯ್ಯುವುದು, ಮೈ ಮುಟ್ಟಿ ಗಡ್ಡೆ ನೋಡುವುದು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ನಮ್ಮ ಪಕ್ಕದ ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್‌ಕಿನ್‌ನ ಪ್ಲೇಗ್ ಚುಚ್ಚುಮದ್ದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಹಾಕಿಸಿಕೊಂಡವರೆಷ್ಟು, ಅವರಲ್ಲಿ ಸತ್ತವರೆಷ್ಟು ಎಂಬ ಲೆಕ್ಕ ಲಂಡನ್‌ವರೆಗೆ ಹೋಯಿತು.

ಈ ಎರಡು ಕಥೆಗಳಲ್ಲಿ ಒಂದು ಸಮಾನ ಅಂಶ ಇದೆ. ಕೊಡುವುದು ಕಡಿಮೆ ಇದ್ದಾಗ ಸರ್ಕಾರ ಒಂದು ಗೆರೆ ಎಳೆಯುತ್ತದೆ. ಗೆರೆ ಎಳೆಯಲು ಲೆಕ್ಕ ಬೇಕು, ಲೆಕ್ಕಕ್ಕೆ ನಮ್ಮ ಮೈ ಬೇಕು. ಆ ಲೆಕ್ಕ ತೆಗೆಯುವಾಗ ನಮ್ಮನ್ನು ಕೇಳುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು.

ಉಳಿದ ರಕ್ತ

ಈಗ 'ಎ' ಅಕ್ಷರಕ್ಕೆ ಬರೋಣ. ಗರ್ಭಿಣಿ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಹೋದಾಗ ರಕ್ತ ತೆಗೆಯುತ್ತಾರೆ. ಅದರಲ್ಲಿ ಸಿಫಿಲಿಸ್ ಇದೆಯೇ ಎಂದು ನೋಡುವ ಪರೀಕ್ಷೆಯೂ ಇರುತ್ತದೆ. ಆ ಪರೀಕ್ಷೆ ಮುಗಿದ ಮೇಲೆ ಕೊಳವೆಯಲ್ಲಿ ಸ್ವಲ್ಪ ರಕ್ತ ಉಳಿಯುತ್ತದೆ. 1998ರಿಂದ ದೇಶದಾದ್ಯಂತ ವ್ಯವಸ್ಥಿತವಾಗಿ ನಡೆದ ಎಚ್‌ಐವಿ ಕಣ್ಗಾವಲು ಸಮೀಕ್ಷೆಯಲ್ಲಿ, ಆಯ್ದ ಆಸ್ಪತ್ರೆಗಳಲ್ಲಿ ಈ ಉಳಿದ ರಕ್ತದ ಮೇಲಿನ ಹೆಸರು, ನಂಬರು ಅಳಿಸಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದರು. ವಯಸ್ಸು, ಊರೋ ಪಟ್ಟಣವೋ, ಓದು, ಗಂಡನ ಉದ್ಯೋಗ ಇಂಥ ಕೆಲವು ವಿವರ ಮಾತ್ರ ಉಳಿಯುತ್ತಿದ್ದವು. ಒಂದು ಕೇಂದ್ರಕ್ಕೆ 400 ರಕ್ತದ ಮಾದರಿ.

ಹೆಸರು ಅಳಿಸಿದ ಕಾರಣ ಗುಟ್ಟು ಉಳಿಯಿತು. ಅದೇ ಕಾರಣಕ್ಕೆ ಇನ್ನೊಂದೂ ಆಯಿತು: ರಕ್ತದಲ್ಲಿ ಸೋಂಕು ಕಂಡರೂ ಅದು ಯಾವ ತಾಯಿಯದು ಎಂದು ಹೇಳಲು ಆಗುತ್ತಿರಲಿಲ್ಲ. ಆಕೆಯನ್ನು ಕೇಳಿಯೂ ಇರಲಿಲ್ಲ, ಆಕೆಗೆ ಹೇಳುವಂತೆಯೂ ಇರಲಿಲ್ಲ. ತಾಯಿಯಿಂದ ಮಗುವಿಗೆ ಸೋಂಕು ಹೋಗದಂತೆ ತಡೆಯುವ ಕಾರ್ಯಕ್ರಮ 2002ರ ಹೊತ್ತಿಗೆ ಶುರುವಾಗಿತ್ತು ನಿಜ. ಆದರೆ ಅದಕ್ಕೆ ಆಕೆ ಬೇರೆಯಾಗಿ ಒಪ್ಪಿ ಪರೀಕ್ಷೆ ಮಾಡಿಸಬೇಕಿತ್ತು. ಆ ಸೌಲಭ್ಯ ಹತ್ತಿರ ಇಲ್ಲದ ಕಡೆ, ಅಥವಾ ಆಕೆ ಮಾಡಿಸದೆ ಹೋದ ಕಡೆ, ಪ್ರಯೋಗಾಲಯಕ್ಕೆ ಗೊತ್ತಿದ್ದ ಸಂಗತಿ ಆಕೆಗೆ ಗೊತ್ತಿರಲಿಲ್ಲ.

ಈಗ ಅಕ್ಷರದ ಲೆಕ್ಕ ನೋಡಿ. ಹಿಂದಿನ ಮೂರು ವರ್ಷದಲ್ಲಿ, ಜಿಲ್ಲೆಯ ಯಾವುದೇ ಒಂದು ಕೇಂದ್ರದಲ್ಲಿ ಗರ್ಭಿಣಿಯರ ಪೈಕಿ ಶೇ 1ಕ್ಕಿಂತ ಹೆಚ್ಚು ಸೋಂಕು ಕಂಡಿದ್ದರೆ ಆ ಜಿಲ್ಲೆ 'ಎ'. 400ರಲ್ಲಿ ಶೇ 1 ಅಂದರೆ 4. ಐದು ಹೆಣ್ಣುಮಕ್ಕಳ ರಕ್ತದಲ್ಲಿ ಸೋಂಕು ಕಂಡರೆ ಇಡೀ ಜಿಲ್ಲೆಗೆ 'ಎ' ಬರೆಯಲು ಸಾಕು. ನಮ್ಮ ಜಿಲ್ಲೆಯಲ್ಲಿ ಸಮಸ್ಯೆ ಅದಕ್ಕಿಂತ ದೊಡ್ಡದೇ ಇತ್ತು. ಆದರೆ ನಿಯಮ ಎಷ್ಟು ಸಣ್ಣ ಗೆರೆಯ ಮೇಲೆ ನಿಂತಿತ್ತು ಎಂಬುದು ತಿಳಿದಿರಲಿ.

ಆ ಐದು ಮಂದಿಯ ಋಣ ಇಡೀ ಜಿಲ್ಲೆಯ ಮೇಲಿದೆ. 'ಎ' ಬಿದ್ದಿದ್ದಕ್ಕೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ ಬಂತು, ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರಗಳು ಹೆಚ್ಚಿದವು, ಹಳ್ಳಿ ಮಟ್ಟದಲ್ಲಿ ಲಿಂಕ್ ವರ್ಕರ್‌ಗಳು ಬಂದರು. ಅವರ ಹೆಸರು ನಮಗೆ ಗೊತ್ತಿಲ್ಲ. ತಾವು ಕೊಟ್ಟೆವು ಎಂದು ಅವರಿಗೂ ಗೊತ್ತಿಲ್ಲ.

2003ರ ಸಮೀಕ್ಷೆ

ಗರ್ಭಿಣಿಯರ ರಕ್ತದಿಂದ ಇಡೀ ಜನಸಂಖ್ಯೆಯ ಚಿತ್ರ ಸಿಗುವುದಿಲ್ಲ. ಗಂಡಸರು, ಮದುವೆಯಾಗದವರು, ಖಾಸಗಿ ಆಸ್ಪತ್ರೆಗೆ ಹೋಗುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಆಯ್ದ ತಾಲ್ಲೂಕುಗಳ ಹಳ್ಳಿ, ಪಟ್ಟಣಗಳಲ್ಲಿ ಸಾಮಾನ್ಯ ಜನರ ನಡುವೆಯೇ ಸಮೀಕ್ಷೆ ನಡೆಯಿತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರೂ ಕರ್ನಾಟಕದವರೂ ಸೇರಿದ್ದ ತಂಡ ಅದು. ಫಲಿತಾಂಶ 2007ರಲ್ಲಿ ಒಂದು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಶೇ 2.9ರಷ್ಟು ಮಂದಿಗೆ ಸೋಂಕು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಳ್ಳಿ ಹಳ್ಳಿಗೆ ಅಜಗಜಾಂತರ.

ಆಗ ಏಡ್ಸ್ ಅಂದರೆ ಮುಂಬಯಿಯದು, ಹೈವೇ ಲಾರಿಯವರದು ಎಂದು ಎಲ್ಲರ ತಲೆಯಲ್ಲಿತ್ತು. ಹಳ್ಳಿಯ ಮನೆಯೊಳಗೇ ಇದೆ ಎಂದು ಈ ಲೆಕ್ಕ ತೋರಿಸಿತು. ಕಾರ್ಯಕ್ರಮಗಳು ಹಳ್ಳಿಗೆ ಬರಲು ಇಂಥ ಅಂಕಿಗಳು ದೊಡ್ಡ ಬಲ ಆದವು.

ಇನ್ನೊಂದು ಕಡೆ ನೋಡಿ. 2007ರಲ್ಲೇ ಭಾರತ ಸರ್ಕಾರ ದೇಶದ ಒಟ್ಟು ಎಚ್‌ಐವಿ ಅಂದಾಜನ್ನು ಸುಮಾರು 52 ಲಕ್ಷದಿಂದ ಸುಮಾರು 25 ಲಕ್ಷಕ್ಕೆ ಇಳಿಸಿತು. ಅರ್ಧಕ್ಕರ್ಧ ಜನ ಗುಣವಾದರು ಎಂದಲ್ಲ; ಲೆಕ್ಕ ಮಾಡುವ ಕ್ರಮ ಸುಧಾರಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ, ಒಪ್ಪಿಗೆ ಕೇಳಿ ರಕ್ತದ ಹನಿ ಪಡೆದಿದ್ದು ಇದಕ್ಕೆ ಮುಖ್ಯ ಕಾರಣ. ಕೇಳಿ ಪಡೆದ ಲೆಕ್ಕ ಕೇಳದೆ ಪಡೆದ ಲೆಕ್ಕಕ್ಕಿಂತ ಕೆಟ್ಟದಾಗಬೇಕಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

200 ಎಂಬ ಗೆರೆ

ರೋಗ ಇದೆ ಎಂದು ಗೊತ್ತಾದ ಮೇಲೆ ಔಷಧ? 2000ದ ಹೊತ್ತಿಗೆ ಎಚ್‌ಐವಿಗೆ ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆ ಇತ್ತು. ಒಬ್ಬರಿಗೆ ವರ್ಷಕ್ಕೆ 10 ಸಾವಿರ ಡಾಲರ್‌ಗೂ ಹೆಚ್ಚು ಖರ್ಚು. 2001ರ ಫೆಬ್ರುವರಿಯಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಎಂದರು. ಆಫ್ರಿಕಾದಲ್ಲಿ ಲಕ್ಷಾಂತರ ಜೀವ ಉಳಿಯುವ ದಾರಿ ತೆರೆಯಿತು. ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಅದೂ ಎಂಟು ಆಸ್ಪತ್ರೆಗಳಲ್ಲಿ. ಕರ್ನಾಟಕಕ್ಕೆ ಸಿಕ್ಕಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಬಾಗಲಕೋಟೆಯಿಂದ 450 ಕಿಲೋಮೀಟರ್ ಆಸುಪಾಸು.

ಸರದಿಯಲ್ಲಿ ಮೊದಲು ಯಾರು? ಸೋಂಕಿದ್ದ ತಾಯಂದಿರು, 15 ವರ್ಷದೊಳಗಿನ ಮಕ್ಕಳು, ಸರ್ಕಾರಿ ಆಸ್ಪತ್ರೆಗೆ ಬಂದ ಏಡ್ಸ್ ರೋಗಿಗಳು ಎಂದು ಆದ್ಯತೆ ಮಾಡಿದರು. ಜೊತೆಗೆ ರಕ್ತದ ಒಂದು ಅಂಕಿ. ಸಿಡಿ4 ಎಂಬ ರಕ್ತಕಣದ ಎಣಿಕೆ ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇಳಿದರೆ ಔಷಧ. ಆರೋಗ್ಯವಂತರಲ್ಲಿ ಇದು 500ಕ್ಕೂ ಮೇಲಿರುತ್ತದೆ. 260 ಇದ್ದವರು ಇನ್ನೂ ಕೆಡುವವರೆಗೆ ಕಾಯಬೇಕು. 'ಇನ್ನೂ ನಂಬರ್ ಇಳಿದಿಲ್ಲ, ಹೋಗಿ ಬಾ' ಎಂದರೆ ಆರಾಮ ಇದ್ದೀ ಎಂದು ಅರ್ಥವೋ, ಇನ್ನೂ ಸಾಯುವಷ್ಟು ಆಗಿಲ್ಲ ಎಂದು ಅರ್ಥವೋ?

ಈ ಪ್ರಶ್ನೆ ಜಗತ್ತಿನಲ್ಲಿ ಮೊದಲು ಎದ್ದಿದ್ದು ನಮ್ಮಲ್ಲಿ ಅಲ್ಲ. 1962ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರ ಕೆಲವೇ ಇದ್ದಾಗ, ಯಾರಿಗೆ ಕೊಡಬೇಕು ಎಂದು ಏಳು ಮಂದಿಯ ಸಮಿತಿ ಮಾಡಿದ್ದರು. ಅವರು ರೋಗಿಯ ಸಂಸಾರ, ಉದ್ಯೋಗ, ಚರ್ಚಿಗೆ ಹೋಗುವ ರೂಢಿ ಎಲ್ಲ ನೋಡಿ ತೀರ್ಮಾನಿಸುತ್ತಿದ್ದರು. ಸುದ್ದಿ ಹೊರಬಿದ್ದಾಗ ಜನ ಅದನ್ನು 'ದೇವರ ಸಮಿತಿ' ಎಂದು ಕರೆದರು. ಅದಕ್ಕೆ ಹೋಲಿಸಿದರೆ ರಕ್ತದ ಅಂಕಿ ಮೇಲು: ಜಾತಿ ನೋಡುವುದಿಲ್ಲ, ವಶೀಲಿ ಕೇಳುವುದಿಲ್ಲ. ಇಳಕಲ್ಲಿನ ನೇಕಾರನಿಗೂ ಬಾಗಲಕೋಟೆಯ ಸಾಹುಕಾರನಿಗೂ 200 ಅಂದರೆ 200. ಆದರೆ ಆ ಅಂಕಿ ಅಳೆಯುವ ಯಂತ್ರವೇ ದೂರದ ಊರಲ್ಲಿದ್ದರೆ, ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಬಿಡಲು ಆಗುವವನಿಗೆ ಮಾತ್ರ ಗೆರೆ ಸಮಾನ. 1877ರ ಮೈಲಿಗಟ್ಟಲೆ ನಡೆಯುವ ಪರೀಕ್ಷೆ ಇಲ್ಲಿ ಬೇರೆ ವೇಷದಲ್ಲಿ ಬಂದಿತ್ತು.

ಕಾಲ ಕಳೆದಂತೆ ಗೆರೆ 350ಕ್ಕೆ ಏರಿತು, ಆಮೇಲೆ 500ಕ್ಕೆ. ಬಾಗಲಕೋಟೆಯಲ್ಲೇ ಎಆರ್‌ಟಿ ಕೇಂದ್ರ ಬಂತು, ಮಾತ್ರೆ ಹತ್ತಿರದಲ್ಲೇ ಸಿಗಲಿ ಎಂದು ಲಿಂಕ್ ಕೇಂದ್ರಗಳು ಬಂದವು. 2017ರಲ್ಲಿ ಸರ್ಕಾರ ಗೆರೆಯನ್ನೇ ಅಳಿಸಿತು. ಸೋಂಕು ಕಂಡರೆ ಸಾಕು, ಅಂಕಿ ಎಷ್ಟೇ ಇರಲಿ ಚಿಕಿತ್ಸೆ. ಹದಿಮೂರು ವರ್ಷ ಬೇಕಾಯಿತು.

ನನ್ನ ತಪ್ಪು

ಈಗ ನನ್ನದೊಂದು ಸಂಗತಿ ಹೇಳಬೇಕು. ಡಿಪ್ಲೊಮಾ ಮುಗಿಸಿ ವರದಿ ಕಳಿಸಲು ಶುರು ಮಾಡಿದ ಹೊಸತು. ಈ ರೋಗದಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಒಂದು ಹುಡುಗಿಯ ಬಗ್ಗೆ ಬರೆದೆ. ಹೆಸರು ಬದಲಿಸಿದ್ದೆ, ಊರು ಬರೆದಿರಲಿಲ್ಲ. ಆದರೆ ಹೋಬಳಿ ಬರೆದಿದ್ದೆ, ಹುಡುಗಿಯ ಕ್ಲಾಸು ಬರೆದಿದ್ದೆ, ಅಪ್ಪ ಯಾವ ಊರಿಗೆ ದುಡಿಯಲು ಹೋಗಿದ್ದ, ಅಜ್ಜಿ ಏನು ಮಾರುತ್ತಾಳೆ ಎಂದು ಬರೆದಿದ್ದೆ. ಓದುವವರ ಕರುಳು ಕರಗಲಿ ಎಂದು.

ಸಹಾಯ ಬಂತು, ಸುಳ್ಳಲ್ಲ. ಒಂದಿಬ್ಬರು ಪುಸ್ತಕ, ಬಟ್ಟೆ ಕಳಿಸಿದರು. ಮತ್ತೊಮ್ಮೆ ಆ ಮನೆಗೆ ಹೋದಾಗ ಅಜ್ಜಿ ನೀರು ಕೊಟ್ಟು ಕೂಡಿಸಿ ಅಂದಳು: "ಹೆಸರು ಬರದಿಲ್ಲ ಅಂತೀ. ಹೆಸರೊಂದ ಬಿಟ್ಟು ಎಲ್ಲಾ ಬರದೀಯಲ್ಲೋ ತಮ್ಮಾ." ಆಕೆಯ ವ್ಯಾಪಾರ ಅರ್ಧ ಆಗಿತ್ತು. ಹುಡುಗಿ ಶಾಲೆಯಲ್ಲಿ ಒಬ್ಬಳೇ ಕೂರುತ್ತಿದ್ದಳು.

ಎಆರ್‌ಟಿ ಕೇಂದ್ರದಲ್ಲಿ ರೋಗಿಗೆ ಒಂದು ಹಸಿರು ಪುಸ್ತಕ ಕೊಡುತ್ತಾರೆ. ಪ್ರತಿ ತಿಂಗಳ ಔಷಧ, ತೂಕ ಅದರಲ್ಲಿ ಬರೆಯುತ್ತಾರೆ. ಅದನ್ನು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಇಟ್ಟವರನ್ನು ನಾನು ಬಲ್ಲೆ. ಅವರು ಅಷ್ಟು ಜೋಪಾನ ಮಾಡಿದ್ದನ್ನು ನಾನು ಒಂದು ಪ್ಯಾರಾದಲ್ಲಿ ಬಯಲು ಮಾಡಿದೆ. ನಗರದಲ್ಲಿ ಹೆಸರು ತೆಗೆದರೆ ಮನುಷ್ಯ ಮರೆಯಾಗಬಹುದು. ಮುನ್ನೂರು ಮನೆಯ ಊರಲ್ಲಿ ವಯಸ್ಸು, ಓಣಿ, ಉದ್ಯೋಗ ಮೂರು ಸೇರಿದರೆ ಅದೇ ಹೆಸರು. ಡೇಟಾ ಇಟ್ಟುಕೊಳ್ಳುವವರು 'ಹೆಸರು ತೆಗೆದಿದ್ದೇವೆ' ಎಂದಾಗಲೆಲ್ಲ ನನಗೆ ಆ ಅಜ್ಜಿಯ ಮಾತು ನೆನಪಾಗುತ್ತದೆ.

ಕಾನೂನು ಏನು ಹೇಳುತ್ತದೆ

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ; ಕಣ್ಗಾವಲು ಸಮೀಕ್ಷೆಯಂಥ ಕೆಲವು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಒಪ್ಪಿಗೆ ಇಲ್ಲದೆ ಒಬ್ಬರ ಸೋಂಕಿನ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರು, ಕೋರ್ಟ್ ಆದೇಶ, ಸಂಗಾತಿಗೆ ತಿಳಿಸಬೇಕಾದ ಸಂದರ್ಭ ಇಂಥ ಕೆಲವಕ್ಕೆ ನಿಯಮಬದ್ಧ ದಾರಿ ಇದೆ. ನೌಕರಿ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ. ದೂರು ಕೇಳಲು ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕು. ಕೋರ್ಟಿಗೆ ಹೋದರೆ ಬೇರೆ ಹೆಸರಿನಲ್ಲಿ ವ್ಯಾಜ್ಯ ನಡೆಸಲು ಕೇಳಬಹುದು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು.

ನಮಗೆ ಮೊದಲು ಸಿಕ್ಕಿದ್ದು

ಉತ್ತರ ಕರ್ನಾಟಕಕ್ಕೆ ಎಲ್ಲವೂ ತಡ ಎಂಬ ನೋವು ನಮ್ಮದು. ಒಂದು ಸಲ ಉಲ್ಟಾ ಆಯಿತು. ಬಿಪಿಎಲ್ ಕಾರ್ಡಿನವರಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ನಂತರ ನಮ್ಮ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದವರು 2012ರವರೆಗೆ ಕಾಯಬೇಕಾಯಿತು. ವಿಭಾಗದ ಗಡಿಯ ಈಚೆ ಹಾವೇರಿ, ಬಳ್ಳಾರಿ ಕಡೆಯ ಹಳ್ಳಿಗೆ ಕಾರ್ಡು, ಆಚೆ ದಾವಣಗೆರೆ, ಚಿತ್ರದುರ್ಗ ಕಡೆಯ ಹಳ್ಳಿಗೆ ಇಲ್ಲ.

ಸಂಶೋಧಕರು ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ ಮನೆಮನೆ ಲೆಕ್ಕ ತೆಗೆದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಯಿಂದ ತಡೆಯಬಹುದಾಗಿದ್ದ ರೋಗಗಳಿಂದ ಬಡವರು ಸತ್ತ ಪ್ರಮಾಣ ಈಚೆ ಶೇ 0.32, ಆಚೆ ಶೇ 0.90. ಆಸ್ಪತ್ರೆಗೆ ದಾಖಲಾದಾಗ ಕೈಯಿಂದ ಹಾಕುವ ಖರ್ಚೂ ಈಚೆ ಮೂರನೇ ಒಂದು ಭಾಗದಷ್ಟು ಕಡಿಮೆ.

ಯೋಜನೆ ಕೆಲಸ ಮಾಡುತ್ತದೆ ಎಂದು ಈ ಲೆಕ್ಕ ಸಾಬೀತು ಮಾಡಿತು, ಒಳ್ಳೆಯದೇ. ಆದರೆ 0.90 ಎಂಬ ಅಂಕಿಯ ಒಳಗೆ ಇದ್ದವರು ರಸ್ತೆಯ ತಪ್ಪು ಬದಿಯಲ್ಲಿ ಹುಟ್ಟಿದವರು. ಎಲ್ಲರಿಗೂ ಒಟ್ಟಿಗೆ ಕೊಡಲಾಗದಾಗ ಎಲ್ಲಿಂದಲಾದರೂ ಶುರು ಮಾಡಲೇಬೇಕು. ಹಾಗೆ ಶುರು ಮಾಡಿದ ಮೇಲೆ ಎರಡನೆಯವರಿಗೆ ಯಾವಾಗ ಎಂಬ ತಾರೀಖನ್ನೂ ಮೊದಲ ದಿನವೇ ಹೇಳಬೇಕು.

2018ರಲ್ಲಿ ಇದೆಲ್ಲ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಈಗಿನ ಗೆರೆ ರೆಫರಲ್ ಚೀಟಿ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಇಲ್ಲದೆ ಖಾಸಗಿಯಲ್ಲಿ ಚಿಕಿತ್ಸೆ ಇಲ್ಲ.

ಹದಿನಾಲ್ಕು ಅಂಕಿ

2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಡಿಜಿಟಲ್ ಆರೋಗ್ಯ ಮಿಷನ್ ಶುರುವಾಯಿತು. ಒಬ್ಬೊಬ್ಬರಿಗೆ 14 ಅಂಕಿಯ ಆಭಾ ನಂಬರ್. ಬಾದಾಮಿಯಲ್ಲಿ ತೋರಿಸಿದ ರಿಪೋರ್ಟು ಹುಬ್ಬಳ್ಳಿಯ ಡಾಕ್ಟರಿಗೆ ಮೊಬೈಲಿನಲ್ಲೇ ಸಿಗುತ್ತದೆ. ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ನಮ್ಮ ಜನಕ್ಕೆ ಇದು ನಿಜವಾಗಿ ಉಪಕಾರ. ಪ್ಲಾಸ್ಟಿಕ್ ಚೀಲದ ತುಂಬ ಚೀಟಿ ಹೊತ್ತು ತಿರುಗುವುದು ತಪ್ಪುತ್ತದೆ.

ಆದರೆ ಆಭಾ ಸ್ವಇಚ್ಛೆಯದು. ಇಲ್ಲ ಎಂದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಮಾಡಿಸಿದ್ದನ್ನು ಬೇಡ ಎಂದರೆ ತೆಗೆಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆಯನ್ನೇ ಮೂಲ ಎನ್ನುತ್ತದೆ, ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು ಎನ್ನುತ್ತದೆ. ಸರ್ಕಾರಿ ಸೌಲಭ್ಯ, ತುರ್ತು ಚಿಕಿತ್ಸೆ, ಸಾಂಕ್ರಾಮಿಕ ರೋಗ ಇಂಥವಕ್ಕೆ ಒಪ್ಪಿಗೆ ಇಲ್ಲದೆಯೂ ಬಳಸಲು ಅದರಲ್ಲೇ ಅವಕಾಶ ಇದೆ. ನಮ್ಮಂಥ ಹಳ್ಳಿಯವರ ಹೆಚ್ಚಿನ ವ್ಯವಹಾರ ಆ ಪಟ್ಟಿಯೊಳಗೇ ಬರುತ್ತದೆ ಎಂಬುದನ್ನು ಗಮನಿಸಿ.

ಹಾಗಾದರೆ ಕೌಂಟರಿನಲ್ಲಿ ನಿಂತಾಗ ಏನು ಮಾಡುವುದು? ಗಲಾಟೆ ಬೇಡ. ಮೂರು ಮಾತು ಕೇಳಿದರೆ ಸಾಕು. ಇದು ಯಾಕೆ ಬೇಕು? ಯಾರು ಯಾರು ನೋಡುತ್ತಾರೆ? ಕೊಡದಿದ್ದರೆ ಔಷಧ ಸಿಗುತ್ತದೋ ಇಲ್ಲವೋ? ಒಟಿಪಿ ಹೇಳುವ ಮೊದಲು ಕೇಳಿ. ಓದಲು ಬಾರದ ಅವ್ವನ ಜೊತೆ ಹೋದವರು ಅವ್ವನ ಪರವಾಗಿ ಕೇಳಿ, ಉತ್ತರವನ್ನು ಆಕೆಗೂ ತಿಳಿಯುವಂತೆ ಹೇಳಿ.

ಬಿದ್ದ ಮನೆಯ ಅಕ್ಷರಕ್ಕೆ ಜಗಳ ತೆಗೆದ ಜಿಲ್ಲೆ ನಮ್ಮದು. ಮೈಯ ಅಕ್ಷರದ ಬಗ್ಗೆ ಮೆಲ್ಲಗೆ ಕೇಳುವುದನ್ನಾದರೂ ಕಲಿಯೋಣ. ನಾನು ಆ ಅಜ್ಜಿಯನ್ನು ಮೊದಲೇ ಕೇಳಿದ್ದರೆ, ಏನು ಬರೆಯಬೇಡ ಎಂದು ಆಕೆಯೇ ಹೇಳುತ್ತಿದ್ದಳು.